ಬೆಕ್ಕು ಸೊರಗುತ್ತಿದೆಯೇ? ಮನೆಯ ತಕ್ಕಡಿಯಿಂದ ರಕ್ತಪರೀಕ್ಷೆಯವರೆಗೆ ಮಾಡಬೇಕಾದ್ದು

ನಮ್ಮ ಚಿನ್ನಿಗೆ ಆಗ ಹನ್ನೆರಡು ವರ್ಷ. ಮುಲುಂಡ್‌ನ ನಮ್ಮ ಫ್ಲ್ಯಾಟಿಗೆ ಅಂಗೈ ಅಗಲದ ಮರಿಯಾಗಿ ಬಂದವಳು. ಊಟ ಚೆನ್ನಾಗಿ ಮಾಡುತ್ತಿದ್ದಳು, ಮೊದಲಿಗಿಂತ ಜಾಸ್ತಿಯೇ. ಬೆಳಗಿನ ಜಾವ ನಾಲ್ಕಕ್ಕೇ ಕೂಗಿ ಎಬ್ಬಿಸುತ್ತಿದ್ದಳು. ಈ ವಯಸ್ಸಿನಲ್ಲೂ ಎಷ್ಟು ಚುರುಕು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಎಂಟು ತಿಂಗಳ ಮೇಲೆ ಕುಂದಾಪುರದಿಂದ ಅತ್ತಿಗೆ ಬಂದರು. ಚಪ್ಪಲಿ ಬಿಡುತ್ತಿದ್ದ ಹಾಗೇ, "ಇದೇನೇ, ಚಿನ್ನಿ ಹೀಗೆ ಕಡ್ಡಿ ಆಗಿದ್ದಾಳೆ?" ಅಂದರು.

ನಾನು ಒಪ್ಪಲಿಲ್ಲ. ದಿನಾ ನೋಡುವವಳು ನಾನು, ಅಲ್ವಾ? ಅವರ ಸಮಾಧಾನಕ್ಕೆ ಅಂತ ತೂಕ ನೋಡಿದೆ. ಹಿಂದಿನ ಲಸಿಕೆಯ ಪುಸ್ತಕದಲ್ಲಿ 4.2 ಕೆಜಿ ಎಂದು ಬರೆದಿತ್ತು. ಈಗ 3.1. ಕಾಲು ಭಾಗಕ್ಕಿಂತ ಜಾಸ್ತಿ ಬೆಕ್ಕು ನನ್ನ ಕಣ್ಣೆದುರೇ ಕರಗಿಹೋಗಿತ್ತು.

ದಿನಾ ನೋಡುವ ಕಣ್ಣಿಗೆ ಇದು ಕಾಣುವುದಿಲ್ಲ. ಕೂದಲು ಮುಚ್ಚಿಡುತ್ತದೆ. ಬೆಕ್ಕಿನ ಸ್ವಭಾವವೂ ಮುಚ್ಚಿಡುತ್ತದೆ, ನೋವಿದ್ದರೂ ತೋರಿಸಿಕೊಳ್ಳುವ ಪ್ರಾಣಿಯಲ್ಲ ಅದು. ಅದಕ್ಕೇ ಈ ಮಾರ್ಗದರ್ಶಿಯನ್ನು ತಕ್ಕಡಿಯಿಂದಲೇ ಶುರು ಮಾಡುತ್ತೇನೆ.

ಮೊದಲು ತೂಕ

ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ವಿಧಾನ ಎಲ್ಲರಿಗೂ ಗೊತ್ತು. ಏನೂ ಇಲ್ಲದಿದ್ದರೆ ಅದೇ ಸರಿ. ಆದರೆ ಹೆಚ್ಚಿನ ಯಂತ್ರಗಳು 100 ಗ್ರಾಂ ಲೆಕ್ಕದಲ್ಲಿ ತೋರಿಸುತ್ತವೆ. ಎರಡು ಸಲ ನಿಂತರೆ ಎರಡು ಸಂಖ್ಯೆ ಬರುವುದೂ ಉಂಟು. 4 ಕೆಜಿ ಬೆಕ್ಕಿನಲ್ಲಿ 200 ಗ್ರಾಂ ಎಂದರೆ ನೂರಕ್ಕೆ ಐದು ಭಾಗ. ಅಷ್ಟು ಸಣ್ಣ ಬದಲಾವಣೆ ಹಿಡಿಯಲು ಈ ಯಂತ್ರ ಸಾಲದು.

10 ಕೆಜಿವರೆಗೆ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಕೆಲಸ ಸುಲಭ. ಮೇಲೆ ಅಗಲವಾದ ಪ್ಲಾಸ್ಟಿಕ್ ಟಬ್ ಇಟ್ಟು ಸೊನ್ನೆ ಮಾಡಿ. ಟಬ್‌ನಲ್ಲಿ ಬೆಕ್ಕು ಮಲಗುವ ಬಟ್ಟೆ ಹಾಕಿ, ಅದರ ತೂಕವೂ ಸೊನ್ನೆಗೆ ಸೇರಲಿ. ಒಂದು ತುಂಡು ಬೇಯಿಸಿದ ಕೋಳಿ ತೋರಿಸಿದರೆ ತಾನೇ ಹತ್ತಿ ಕೂರುತ್ತದೆ. ಮಗುವಿನ ತೂಕದ ಯಂತ್ರ ಇನ್ನೂ ಒಳ್ಳೆಯದು. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಬೆಕ್ಕಿನ ಬುಟ್ಟಿ ನೇತುಹಾಕಿಯೂ ನೋಡಬಹುದು. ಬುಟ್ಟಿಯ ತೂಕ ಕಳೆಯಲು ಮರೆಯಬೇಡಿ.

ಪ್ರತಿ ಸಲವೂ ಅದೇ ತಕ್ಕಡಿ, ಅದೇ ಹೊತ್ತು, ಊಟಕ್ಕೆ ಮೊದಲು. ಆರೋಗ್ಯವಾಗಿರುವ ಬೆಕ್ಕಿಗೆ ತಿಂಗಳಿಗೊಮ್ಮೆ ಸಾಕು. ಎಂಟು ಹತ್ತು ವರ್ಷ ದಾಟಿದ ಮೇಲೆ ಎರಡು ವಾರಕ್ಕೊಮ್ಮೆ ನೋಡುವುದು ಒಳ್ಳೆಯದು. ನೀವು ಊಟ ಕಡಿಮೆ ಮಾಡದೆ ನೂರಕ್ಕೆ ಐದು ಭಾಗ ಇಳಿದರೆ ಎಚ್ಚರವಾಗಿ. ಹತ್ತು ಭಾಗ ಇಳಿದಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಆಮೇಲೆ ಕೈಯಿಂದ ಮುಟ್ಟಿ ನೋಡಿ

ತೂಕ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದ್ದರೆ ತೂಕ ಹಾಗೇ ಇರುತ್ತದೆ, ಮೈ ಮಾತ್ರ ಸವೆದಿರುತ್ತದೆ. ಮುಂಬಯಿಯಲ್ಲಿ ಸಾಕುವವರು ಜಾಸ್ತಿ ಇರುವ ಪರ್ಷಿಯನ್ ಬೆಕ್ಕುಗಳಲ್ಲಂತೂ ಉದ್ದ ಕೂದಲ ಕೆಳಗೆ ಏನಾಗಿದೆ ಎಂದು ಮುಟ್ಟದೆ ತಿಳಿಯುವುದಿಲ್ಲ.

ಬೆಕ್ಕು ನೆಮ್ಮದಿಯಾಗಿ ಕೂತಿರುವಾಗ ಪಕ್ಕೆಯ ಮೇಲೆ ಅಂಗೈ ಆಡಿಸಿ. ನಿಮ್ಮದೇ ಅಂಗೈ ಹಿಂಬದಿಯನ್ನು ಸವರಿದಾಗ ಮೂಳೆಗಳು ಹೇಗೆ ಸಿಗುತ್ತವೋ ಪಕ್ಕೆಲುಬು ಹಾಗೆ ಸಿಗಬೇಕು. ಮುಷ್ಟಿ ಕಟ್ಟಿ ಗೆಣ್ಣು ಸವರಿದ ಹಾಗೆ ಚೂಪಾಗಿ ಸಿಕ್ಕರೆ ಮೈ ಇಳಿದಿದೆ ಎಂದರ್ಥ. ಆಮೇಲೆ ಬೆನ್ನುಮೂಳೆ, ಹೆಗಲ ಮೂಳೆ, ಸೊಂಟದ ಮೂಳೆ ನೋಡಿ. ಬೆನ್ನುಮೂಳೆಯ ಎರಡೂ ಪಕ್ಕ ಗುಳಿ ಬಿದ್ದಿದ್ದರೆ ಸ್ನಾಯು ಕರಗಿದೆ. ಹೊಟ್ಟೆ ಜೋತಾಡುತ್ತಿದ್ದು ಬೆನ್ನು ಮಾತ್ರ ಮೂಳೆ ಮೂಳೆಯಾಗಿರುವ ಬೆಕ್ಕುಗಳೂ ಇವೆ. ಹೊಟ್ಟೆ ಇದೆಯಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ, ಅದು ತಪ್ಪು.

ತಿಂಗಳಿಗೊಂದು ಫೋಟೊ ಮೇಲಿನಿಂದ ತೆಗೆದಿಡಿ, ಒಂದೇ ಜಾಗದಲ್ಲಿ.

ಒಂದು ವಾರದ ಲೆಕ್ಕ

ಡಾಕ್ಟರು ಮೊದಲು ಕೇಳುವ ಪ್ರಶ್ನೆ, ಊಟ ಹೇಗೆ ಮಾಡುತ್ತಿದೆ ಅಂತ. "ಮಾಡ್ತಿದೆ" ಎನ್ನುವ ಉತ್ತರದಿಂದ ಅವರಿಗೆ ಏನೂ ಸಿಗುವುದಿಲ್ಲ. ಬೆಕ್ಕು ಲವಲವಿಕೆಯಿಂದ ಇದ್ದರೆ, ಅಪಾಯದ ಲಕ್ಷಣ ಯಾವುದೂ ಇಲ್ಲದಿದ್ದರೆ, ಅಪಾಯಿಂಟ್‌ಮೆಂಟ್ ಸಿಗುವವರೆಗಿನ ಐದಾರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಊಟವನ್ನು ತೂಗಿ ಹಾಕಿ, ಉಳಿದದ್ದನ್ನು ತೂಗಿ ತೆಗೆಯಿರಿ. 4 ಕೆಜಿಯ ದೊಡ್ಡ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕು. ಒಣ ಆಹಾರದಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಇರುತ್ತದೆ. ಅಂದರೆ ಬರೀ ಒಣ ಆಹಾರವಾದರೆ 55ರಿಂದ 65 ಗ್ರಾಂ. ನಿಮ್ಮ ಬೆಕ್ಕು ನಿಜವಾಗಿ 30 ಗ್ರಾಂ ತಿನ್ನುತ್ತಿದೆಯೋ, 90 ಗ್ರಾಂ ತಿನ್ನುತ್ತಿದೆಯೋ ಎನ್ನುವುದರ ಮೇಲೆ ಇಡೀ ತಪಾಸಣೆಯ ದಾರಿ ಬೇರೆಯಾಗುತ್ತದೆ.

ನೀರಿನದೂ ಹಾಗೇ. ಬೆಳಿಗ್ಗೆ ಅಳತೆ ಲೋಟದಲ್ಲಿ 500 ಮಿಲಿ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಆವಿಯಾಗುವುದರ ಲೆಕ್ಕ ತಿಳಿಯಲು, ಬೆಕ್ಕಿಗೆ ಸಿಗದ ಕಡೆ ಅಂಥದ್ದೇ ಬಟ್ಟಲಲ್ಲಿ ಅಷ್ಟೇ ನೀರಿಡಿ. ಅದರಲ್ಲಿ ಕಡಿಮೆಯಾದಷ್ಟನ್ನು ಕಳೆದರೆ ಸರಿಯಾದ ಲೆಕ್ಕ ಬರುತ್ತದೆ. ಒಣ ಆಹಾರ ತಿನ್ನುವ 4 ಕೆಜಿ ಬೆಕ್ಕು ದಿನಕ್ಕೆ 200 ಮಿಲಿಗಿಂತ ಜಾಸ್ತಿ ಕುಡಿಯುತ್ತಿದ್ದರೆ ಅನುಮಾನಪಡಬೇಕು. 400 ದಾಟಿದರೆ ಒಳಗೆ ಕಾಯಿಲೆ ಇದೆ ಎಂದೇ ತಿಳಿಯಿರಿ. ಮೇ ತಿಂಗಳ ಸೆಕೆಗೆ ಕುಡಿಯುತ್ತಿದೆ ಎಂದು ಎಷ್ಟೋ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ.

ಲಿಟರ್ ಟ್ರೇ ಶುಚಿ ಮಾಡುವಾಗ ಮೂತ್ರದ ಉಂಡೆಗಳನ್ನು ಎಣಿಸಿ. ಅವು ದೊಡ್ಡದಾಗುತ್ತಿವೆಯೇ? ಮಲ ಗಟ್ಟಿಯೋ, ನೀರೋ? ಅದರ ಮೇಲೆ ಅಕ್ಕಿ ಕಾಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳು. ವಾಂತಿಯಾದ ದಿನ ಬರೆಯಿರಿ. ಕೂದಲ ಉಂಡೆ ಅಪರೂಪಕ್ಕೆ ಬಂದರೆ ಸರಿ, ವಾರವಾರವೂ ವಾಂತಿ ಆಗುವುದು ಬೆಕ್ಕಿನ ಗುಣವಲ್ಲ, ಒಳಗೆ ಏನೋ ತೊಂದರೆ ಇರುವ ಗುರುತು.

ಮನೆಯ ಕಾರಣಗಳು

ಕೆಲವು ಸಲ ಕಾರಣ ಅಡುಗೆಮನೆಯಲ್ಲೇ ಇರುತ್ತದೆ. ನಮ್ಮವರ ಮನೆಗಳಲ್ಲಿ ನಾನು ಜಾಸ್ತಿ ಕಂಡಿರುವುದು ಮೊಸರನ್ನ. ಸಸ್ಯಾಹಾರಿ ಮನೆ, ಬೆಕ್ಕಿಗೂ ಮೊಸರನ್ನ, ಹಾಲು, ಚಪಾತಿ ಚೂರು. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಬೆಕ್ಕಿನ ಮೈ ಮಾಂಸಕ್ಕಾಗಿಯೇ ಆಗಿರುವುದು. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಅಕ್ಕಿ, ಗೋಧಿಯಲ್ಲಿ ಇಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆ ಎಂಬುದು 1987ರಲ್ಲೇ ಸಾಬೀತಾಗಿದೆ. ಕಣ್ಣೂ ಹೋಗಬಹುದು. ಹಾಲು ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ, ಭೇದಿ ಮಾಡಿಸಿ ತೂಕ ಇಳಿಸುತ್ತದೆ. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ತೊಂದರೆಯಿಲ್ಲ, 'ಸಂಪೂರ್ಣ ಆಹಾರ' ಎಂದು ಬರೆದಿರುವ ಬೆಕ್ಕಿನ ಪ್ಯಾಕೆಟ್ ಆಹಾರ ಕೊಡಿ. ಸಾರು, ಪಲ್ಯದ ಮಿಕ್ಕಿದ್ದು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಮೀನು ತಿನ್ನುವ ಮನೆಯವರು ಬರೀ ಬಂಗುಡೆಯಲ್ಲೋ ಬೊಂಬಿಲ್‌ನಲ್ಲೋ ಬೆಕ್ಕನ್ನು ಸಾಕುತ್ತಾರೆ. ಮೀನು ಒಂದೇ ಆದರೆ ಪೋಷಣೆ ಪೂರ್ತಿಯಾಗುವುದಿಲ್ಲ. ಕೆಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಅಂಶವೂ ಇರುತ್ತದೆ. ಬೇಯಿಸಿ, ಮುಳ್ಳು ತೆಗೆದು, ರುಚಿಗೆ ಅಂತ ಸ್ವಲ್ಪ ಕೊಡಿ.

ಮಳೆಗಾಲದಲ್ಲಿ ಮುಂಬಯಿಯ ತೇವಕ್ಕೆ ಒಣ ಆಹಾರ ಎರಡೇ ವಾರದಲ್ಲಿ ಮೆತ್ತಗಾಗಿ ವಾಸನೆ ಬದಲಾಗುತ್ತದೆ. ನಮಗೆ ಗೊತ್ತಾಗುವ ಮೊದಲೇ ಬೆಕ್ಕಿಗೆ ಗೊತ್ತಾಗಿ ಮುಖ ತಿರುಗಿಸುತ್ತದೆ. ದೊಡ್ಡ ಚೀಲ ಅಗ್ಗವೆಂದು ತರದೆ ಸಣ್ಣ ಪ್ಯಾಕೆಟ್ ತಂದು, ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ಎರಡು ಬೆಕ್ಕು ಇದ್ದರೆ ಬೇರೆ ಬೇರೆ ಕೋಣೆಯಲ್ಲಿ ಊಟ ಕೊಟ್ಟು ನೋಡಿ. ಜಗಳ ಕಾಣದಿದ್ದರೂ ಒಂದು ಬೆಕ್ಕು ದಾರಿಯಲ್ಲಿ ಕೂತು ಇನ್ನೊಂದನ್ನು ತಡೆಯುತ್ತಿರಬಹುದು. ಪಕ್ಕದ ಬಿಲ್ಡಿಂಗಿನ ರಿಡೆವಲಪ್‌ಮೆಂಟ್ ಸದ್ದು, ಗಣೇಶೋತ್ಸವದ ಢೋಲು, ಮನೆ ಬದಲಾವಣೆ, ಇವೆಲ್ಲ ನಾಲ್ಕು ದಿನ ಊಟ ಕಡಿಮೆ ಮಾಡಿಸಬಲ್ಲವು. ಆದರೆ ವಾರಗಟ್ಟಲೆ ಇಳಿಯುತ್ತಿರುವ ತೂಕವನ್ನು ಹೆದರಿಕೆಯ ಲೆಕ್ಕಕ್ಕೆ ಹಾಕಬೇಡಿ.

ಇವು ಕಂಡರೆ ಅದೇ ದಿನ ಹೊರಡಿ

ದೊಡ್ಡ ಬೆಕ್ಕು 24 ಗಂಟೆ ಏನೂ ತಿಂದಿಲ್ಲ, ಮರಿ 12 ಗಂಟೆ ತಿಂದಿಲ್ಲ ಎಂದರೆ ಡಾಕ್ಟರಿಗೆ ಫೋನ್ ಮಾಡಿ. ನಾಯಿಯ ಹಾಗೆ ಬೆಕ್ಕು ಉಪವಾಸ ತಡೆಯುವುದಿಲ್ಲ. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದು ಕೆಲಸ ನಿಲ್ಲಿಸತೊಡಗುತ್ತದೆ, ದಪ್ಪಗಿದ್ದ ಬೆಕ್ಕಿನಲ್ಲಂತೂ ಬೇಗ. ಒಸಡು, ಕಿವಿಯ ಒಳಭಾಗ ಹಳದಿಯಾಗುವುದು ಇದರ ಗುರುತು. ಬಾಯಿ ತೆರೆದು ಉಸಿರಾಡುವುದು, ಮಲಗಿದಾಗ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರು, ಹಿಂಗಾಲು ಎಳೆಯುವುದು, ಗಂಡು ಬೆಕ್ಕು ಟ್ರೇಯಲ್ಲಿ ತಿಣುಕಿದರೂ ಮೂತ್ರ ಬಾರದಿರುವುದು, ಇವಕ್ಕೆ ಬೆಳಗಾಗುವವರೆಗೂ ಕಾಯಬಾರದು.

ತಿಂದೂ ಸೊರಗುತ್ತಿದೆಯೋ, ತಿನ್ನದೆ ಸೊರಗುತ್ತಿದೆಯೋ

ಇದೇ ಮುಖ್ಯ ಪ್ರಶ್ನೆ. ನಿಮ್ಮ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಚೆನ್ನಾಗಿ ತಿಂದೂ ಸೊರಗುವ ವಯಸ್ಸಾದ ಬೆಕ್ಕಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಥೈರಾಯ್ಡ್. ಕತ್ತಿನಲ್ಲಿರುವ ಗ್ರಂಥಿ ಊದಿ ಹಾರ್ಮೋನ್ ಜಾಸ್ತಿ ಸುರಿಸುತ್ತದೆ. ಹೆಚ್ಚಿನವು ಕ್ಯಾನ್ಸರ್ ಅಲ್ಲದ ಗಂಟುಗಳೇ. ಮೈ ಒಂದು ಒಲೆಯ ಹಾಗೆ ಉರಿಯುತ್ತದೆ, ಎಷ್ಟು ಹಾಕಿದರೂ ಸಾಲದು. ಎದೆಬಡಿತ ಜೋರು, ರಾತ್ರಿ ಕೂಗು, ನಿಂತಲ್ಲಿ ನಿಲ್ಲದ ಚಡಪಡಿಕೆ. ನಾನು ಚುರುಕು ಅಂದುಕೊಂಡದ್ದು ಇದನ್ನೇ. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ವಯಸ್ಸಾಯಿತು ಎಂದು ವಿಟಮಿನ್ ಡ್ರಾಪ್ಸ್ ಕೊಟ್ಟು ಕಳಿಸಿದ್ದರು. ಒಂದು ತಿಂಗಳು ಹಾಗೇ ಹೋಯಿತು. ಟಿ4 ಎಂಬ ಒಂದು ರಕ್ತಪರೀಕ್ಷೆ ಮಾಡಿದಾಗ ವಿಷಯ ಗೊತ್ತಾಯಿತು. ವಯಸ್ಸು ಕಾಯಿಲೆಯಲ್ಲ. ಯಾರಾದರೂ ಹಾಗೆಂದರೆ, "ಯಾವ ಕಾಯಿಲೆ ಇಲ್ಲ ಎಂದು ನೋಡಿದಿರಿ?" ಎಂದು ಮರ್ಯಾದೆಯಿಂದಲೇ ಕೇಳಿ.

ಎರಡನೆಯದು ಸಕ್ಕರೆ ಕಾಯಿಲೆ. ದಪ್ಪಗಿದ್ದ ಬೆಕ್ಕು, ಅದರಲ್ಲೂ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ ಗಂಡು, ಜಾಸ್ತಿ ತಿಂದು, ಜಾಸ್ತಿ ಕುಡಿದು, ಜಾಸ್ತಿ ಮೂತ್ರ ಮಾಡಿ ಇಳಿಯುತ್ತದೆ. ಕೆಲವು ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುತ್ತವೆ. ಕ್ಲಿನಿಕ್‌ನ ಹೆದರಿಕೆಗೇ ಬೆಕ್ಕಿನ ಸಕ್ಕರೆ ಏರುವುದುಂಟು. ಅದಕ್ಕೇ ಒಂದು ಸಲದ ಸಕ್ಕರೆ ನೋಡಿ ತೀರ್ಮಾನಿಸಬಾರದು, ಹಿಂದಿನ ಒಂದೆರಡು ವಾರದ ಸರಾಸರಿ ಹೇಳುವ ಫ್ರಕ್ಟೋಸಮೈನ್ ಪರೀಕ್ಷೆ ಕೇಳಿ. ಬೇಗ ಇನ್ಸುಲಿನ್ ಶುರು ಮಾಡಿ ಆಹಾರ ಬದಲಿಸಿದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುತ್ತದೆ.

ತಿಂದದ್ದು ಮೈಗೆ ಹತ್ತದಿರುವುದಕ್ಕೆ ಕರುಳಿನ ಉರಿಯೂತ, ಕರುಳಿನ ನಿಧಾನಗತಿಯ ಲಿಂಫೋಮಾ ಎಂಬ ಕ್ಯಾನ್ಸರ್, ಹುಳು, ಇವೂ ಕಾರಣ. ಲಿಂಫೋಮಾ ಎಂದ ಕೂಡಲೇ ಧೈರ್ಯ ಬಿಡಬೇಡಿ. ನಿಧಾನಗತಿಯದ್ದಾದರೆ ಮಾತ್ರೆಗಳಲ್ಲೇ ಎರಡು ವರ್ಷ ಮೀರಿ ಚೆನ್ನಾಗಿ ಬದುಕುವ ಬೆಕ್ಕುಗಳು ಬಹಳ. ಕರುಳು ಕೆಟ್ಟಾಗ ಬಿ12 ಇಳಿಯುತ್ತದೆ, ಅದರ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಸಲ ಹಸಿವು ಮರಳುತ್ತದೆ.

ತಿನ್ನದೆ ಸೊರಗುವ ಬೆಕ್ಕಿನಲ್ಲಿ ಮೊದಲು ಬಾಯಿ ನೋಡಿಸಿ. ಬಟ್ಟಲ ಹತ್ತಿರ ಓಡಿಬಂದು, ಮೂಸಿ, ಹಿಂದೆ ಸರಿಯುವುದು, ಒಂದೇ ಪಕ್ಕದಲ್ಲಿ ಅಗಿಯುವುದು, ಜೊಲ್ಲು, ವಾಸನೆ. ಹಸಿವಿದೆ, ನೋವಿಗೆ ತಿನ್ನಲಾಗುತ್ತಿಲ್ಲ. ಹಲ್ಲಿನ ಬುಡ ಕರಗುವ ಕಾಯಿಲೆ ಬೆಕ್ಕುಗಳಲ್ಲಿ ತುಂಬಾ ಸಾಮಾನ್ಯ, ಆ ಹಲ್ಲು ತೆಗೆಸಿದರೆ ಮುಗಿಯಿತು.

ಬಾಯಿ ಸರಿಯಿದ್ದರೆ ಕಿಡ್ನಿ. ವಯಸ್ಸಾದ ಬೆಕ್ಕುಗಳ ದೊಡ್ಡ ಶತ್ರು ಇದೇ. ಕಿಡ್ನಿ ಕಾಯಿಲೆ ಪತ್ತೆಯಾಗುವ ಮೂರು ವರ್ಷ ಮೊದಲೇ ತೂಕ ಇಳಿಯಲು ಶುರುವಾಗಿರಬಹುದು. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಸುಮಾರು ಮುಕ್ಕಾಲು ಶಕ್ತಿ ಹೋಗಿರುತ್ತದೆ. ಎಸ್‌ಡಿಎಂಎ ಎಂಬ ಇನ್ನೊಂದು ರಕ್ತಪರೀಕ್ಷೆ ಇದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಮೂತ್ರದ ಸಾಂದ್ರತೆ 1.035ಕ್ಕಿಂತ ಕಡಿಮೆ ಇದ್ದರೂ ವಿಚಾರಿಸಬೇಕು.

ಎರಡು ವರ್ಷದೊಳಗಿನ ಬೆಕ್ಕು ಜ್ವರ ಇಳಿಯದೆ, ಹೊಟ್ಟೆ ಉಬ್ಬಿ ಸೊರಗುತ್ತಿದ್ದರೆ ಎಫ್‌ಐಪಿ ಎಂಬ ವೈರಸ್ ಕಾಯಿಲೆ ಇರಬಹುದು. ಕೆಲವು ವರ್ಷಗಳ ಹಿಂದೆ ಇದು ಬಂದರೆ ಉಳಿಯುವುದಿಲ್ಲ ಎಂದೇ ಇತ್ತು. ಈಗ ಜಿಎಸ್-441524, ರೆಮ್‌ಡೆಸಿವಿರ್ ಔಷಧಗಳಿಂದ ಹೆಚ್ಚಿನವು ಗುಣವಾಗುತ್ತಿವೆ. ಸಾಮಾನ್ಯವಾಗಿ 12 ವಾರದ ಚಿಕಿತ್ಸೆ. ಒಂದೊಂದು ದಿನವೂ ಮುಖ್ಯ. ಹೊರಗೆ ಓಡಾಡುವ, ಕಚ್ಚಾಡುವ ಬೆಕ್ಕಿಗೆ ಎಫ್‌ಐವಿ, ಎಫ್‌ಇಎಲ್‌ವಿ ಎಂಬ ವೈರಸ್‌ಗಳ ಪರೀಕ್ಷೆಯೂ ಬೇಕು.

ಡಾಕ್ಟರ ಹತ್ತಿರ

ಬುಟ್ಟಿಯನ್ನು ಎರಡು ಮೂರು ದಿನ ಮೊದಲೇ ಹಾಲ್‌ನಲ್ಲಿ ಬಾಗಿಲು ತೆರೆದಿಡಿ, ಒಳಗೆ ಅದರ ಬಟ್ಟೆ ಹಾಕಿ. ತುಂಬಾ ಹೆದರುವ ಬೆಕ್ಕಾದರೆ ಮೊದಲೇ ಕೊಡುವ ಶಾಂತಗೊಳಿಸುವ ಔಷಧ ಡಾಕ್ಟರೇ ಬರೆದುಕೊಡುತ್ತಾರೆ, ಕೇಳಿ. ಉಪನಗರದಿಂದ ಪರೇಲ್, ಮಹಾಲಕ್ಷ್ಮಿ ಕಡೆ ಹೋಗುವುದಾದರೆ ಆಟೊ ಸಾಯನ್, ಬಾಂದ್ರಾ ದಾಟಿ ಬರುವುದಿಲ್ಲ. ಮಧ್ಯದಲ್ಲಿ ಇಳಿಸಿ ಹತ್ತಿಸುವ ಬದಲು ಮನೆಯಿಂದಲೇ ಟ್ಯಾಕ್ಸಿ ಮಾಡಿ.

ಪರೇಲ್‌ನಲ್ಲಿ 1886ರಿಂದ ಇರುವ ಪಶುವೈದ್ಯ ಕಾಲೇಜು, ಅದರ ಜೊತೆಗೇ ಹೆಸರಾದ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ ಇವೆ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್‌ನವರ, ನಾಯಿ ಬೆಕ್ಕುಗಳಂಥ ಸಣ್ಣ ಪ್ರಾಣಿಗಳ ದೊಡ್ಡ ಆಸ್ಪತ್ರೆ ಶುರುವಾಗಿದೆ. ಆದರೆ ಮೊದಲ ಸುತ್ತಿನ ಪರೀಕ್ಷೆಗೆ ಅಷ್ಟು ದೂರ ಹೋಗಬೇಕಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಎಷ್ಟು ಹೊತ್ತು ಊಟ ನಿಲ್ಲಿಸಬೇಕು ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ, ನೀವೇ ಇಡೀ ದಿನ ಉಪವಾಸ ಹಾಕಬೇಡಿ.

ಮೊದಲ ಸುತ್ತು ಇಷ್ಟು: ಪೂರ್ತಿ ರಕ್ತಕಣಗಳ ಲೆಕ್ಕ, ಕಿಡ್ನಿ ಮತ್ತು ಯಕೃತ್ತಿನ ಪರೀಕ್ಷೆ, ಸಕ್ಕರೆ, ಏಳು ವರ್ಷ ದಾಟಿದ್ದರೆ ಟಿ4, ಮೂತ್ರ, ಮಲ, ಸಾಧ್ಯವಿದ್ದರೆ ರಕ್ತದೊತ್ತಡ. ಇದರಲ್ಲಿ ಉತ್ತರ ಸಿಗದಿದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್. ಅದಕ್ಕೆ ಮಾತ್ರ ಬೆಕ್ಕುಗಳ ಅನುಭವವಿರುವವರನ್ನು ಹುಡುಕಿ ದೂರವಾದರೂ ಹೋಗಿ. ಎಲ್ಲ ಒಟ್ಟಿಗೆ ಮಾಡಿಸಲು ಹಣ ಹೊಂದದಿದ್ದರೆ ನಾಚಿಕೆ ಬೇಡ. "ಮೊದಲು ಯಾವುದು ಮಾಡಿಸಿದರೆ ಜಾಸ್ತಿ ತಿಳಿಯುತ್ತೆ ಡಾಕ್ಟ್ರೇ?" ಎಂದು ಕೇಳಿ. ಎಲ್ಲ ರಿಪೋರ್ಟುಗಳ ಪ್ರತಿ ನಿಮ್ಮ ಹತ್ತಿರವೇ ಇರಲಿ.

ಉತ್ತರ ಬರುವವರೆಗೆ ತಿನ್ನಿಸುವುದು

ಊಟವನ್ನು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ವಾಸನೆಗೇ ತಿನ್ನುವ ಪ್ರಾಣಿ. ಆಳವಾದ ಬಟ್ಟಲಿನ ಬದಲು ಅಗಲವಾದ ತಟ್ಟೆ ಇಡಿ. ಸ್ವಲ್ಪ ಸ್ವಲ್ಪವೇ ಐದಾರು ಸಲ. ಬಾಯಿ ಹಿಡಿದು ಸಿರಿಂಜಿನಿಂದ ತುರುಕಬೇಡಿ. ಶ್ವಾಸಕೋಶಕ್ಕೆ ಹೋಗಬಹುದು, ಆ ಆಹಾರವನ್ನೇ ಅದು ಮುಂದೆ ದ್ವೇಷಿಸಬಹುದು. ವಾಕರಿಕೆ ನಿಲ್ಲಿಸುವ, ಹಸಿವು ತರಿಸುವ ಔಷಧಗಳಿವೆ. ತೀರಾ ತಿನ್ನದಿದ್ದರೆ ಡಾಕ್ಟರು ಕತ್ತಿನ ಪಕ್ಕ ಸಣ್ಣ ನಳಿಗೆ ಹಾಕುತ್ತಾರೆ. ನೋಡಲು ಸಂಕಟವಾಗುತ್ತದೆ, ಆದರೆ ಬೆಕ್ಕಿಗೆ ಅದರಿಂದ ಹಿಂಸೆ ಕಡಿಮೆ.

ಮನೆಯ ಡಬ್ಬಿಯಿಂದ ಮಾತ್ರೆ ಕೊಡಬೇಡಿ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಹಾಕುವ ಪರ್ಮೆತ್ರಿನ್ ಇರುವ ಚಿಗಟದ ಔಷಧವೂ ಹಾಗೇ. ಹುಳುವಿನ ಔಷಧವನ್ನೂ ಈಗಿನ ತೂಕ ನೋಡಿಯೇ ಕೊಡಬೇಕು, ಹಳೇ ಚೀಟಿಯ ಅಳತೆ ಬೇಡ.

ಚಿಕಿತ್ಸೆ ಶುರುವಾದ ಮೇಲೆ

ಈಗ ತೂಕ ವಾರಕ್ಕೊಮ್ಮೆ. ಥೈರಾಯ್ಡ್‌ಗೆ ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್ ಮಾತ್ರೆ ಶುರು ಮಾಡಿದರೆ ಎರಡರಿಂದ ನಾಲ್ಕು ವಾರದೊಳಗೆ ರಕ್ತ ಮತ್ತೆ ನೋಡಿಸಲೇಬೇಕು. ಥೈರಾಯ್ಡ್ ಜೋರಾಗಿದ್ದಾಗ ಕಿಡ್ನಿಗೆ ರಕ್ತ ಜಾಸ್ತಿ ಹರಿದು, ಅದರ ಕಾಯಿಲೆ ಮರೆಯಾಗಿರುತ್ತದೆ. ಥೈರಾಯ್ಡ್ ಹದಕ್ಕೆ ಬಂದಾಗ ಕಿಡ್ನಿಯದ್ದು ಹೊರಬರಬಹುದು. ಮನೆಯಲ್ಲಿ ಬಸುರಿಯರಿದ್ದರೆ ಅವರು ಈ ಮಾತ್ರೆಯನ್ನೂ ಆ ಬೆಕ್ಕಿನ ಲಿಟರನ್ನೂ ಮುಟ್ಟದಿರಲಿ. ಮಾತ್ರೆಯನ್ನು ಪುಡಿ ಮಾಡಬೇಡಿ.

ಚಿನ್ನಿಯ ವಿಷಯದಲ್ಲೂ ಹಾಗೇ ಆಯಿತು. ಐದನೇ ವಾರದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಡಾಕ್ಟರು ಮಾತ್ರೆಯ ಅಳತೆ ಇಳಿಸಿದರು, ಹಸಿ ಆಹಾರ ಜಾಸ್ತಿ ಮಾಡಿಸಿದರು, ನೀರಿನ ಬಟ್ಟಲು ಮೂರು ಕಡೆ ಇಡಲು ಹೇಳಿದರು. ನೋಟ್‌ಬುಕ್ಕಿನಲ್ಲಿ ಮೊದಲ ವಾರ 3.1, ಮೂರನೇ ವಾರ 3.15, ಏಳನೇ ವಾರ 3.4. ಮೊನ್ನೆ ಭಾನುವಾರ ಅತ್ತಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು ಅವಳ ತೂಕ. 3.7 ಅಂದೆ. ಬೆನ್ನು ಮುಟ್ಟಿ ನೋಡಿದೆಯಾ ಎಂದು ಕೇಳಿದರು. ಫೋನ್ ಹಿಡಿದೇ ನೋಡಿದೆ, ಗುಳಿ ತುಂಬುತ್ತಾ ಬಂದಿದೆ.